ಆ ರವಿವಾರ ಯಾರೂ ಬಂದಿರಲಿಲ್ಲ

ನವನಗರ, ಬಾಗಲಕೋಟೆ
ಸೋಮವಾರ ರಾತ್ರಿ

ಚಿ. ತಂಗಿಗೆ ನಿಮ್ಮಪ್ಪನ ಆಶೀರ್ವಾದಗಳು.

ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತಿ, ನನ್ನ ದನಿ ಏರುತ್ತದೆ, ನಿಮ್ಮವ್ವ ಅಡಿಗೆಮನೆಯಿಂದ ಓಡಿ ಬರುತ್ತಾಳೆ. ಅದಕ್ಕೇ ಶಟರ್ ಅರ್ಧ ಎಳೆದು ಪ್ರೆಸ್ಸಿನಲ್ಲೇ ಕೂತು ಟೈಪ್ ಮಾಡುತ್ತಿದ್ದೇನೆ. ಎಲ್ಲಾ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ನಲ್ಲೇ ಮಾಡಿದ್ದೇನೆ, ಬೈಯಬೇಡ.

ನಿನ್ನ ಕೆಲಸ ಹೋದದ್ದು ನನಗೆ ಗೊತ್ತಾಗಿದೆ.

ಯಾರು ಹೇಳಿದರೆಂದು ನೀನು ಇಲ್ಲಿ ಕಟ್ಟಿದ ಕಂಪ್ಯೂಟರ್ ಗುಂಪಿನ ಹುಡುಗೂರ ಮೇಲೆ ಸಿಟ್ಟಾಗಬೇಡ. ನಿನ್ನೆ ತಮ್ಮ ರವಿವಾರದ ಮೀಟಪ್‌ಗೆ, ಅಂದರೆ ಕೂಡಿ ಕಲಿಯುವ ಸಭೆಗೆ, ಎಂದಿನಂತೆ ಹಿಂದಿನ ಮಷೀನ್ ರೂಮಿಗೆ ಬಂದಿದ್ದರು. ವಿದ್ಯಾಗಿರಿ ಕಡೆಯಿಂದ ಬರುವ ಆ ಎತ್ತರದ ಹುಡುಗ ಪ್ರೊಜೆಕ್ಟರಿಗೆ ವೈರು ಸಿಗಿಸುತ್ತಾ, "ಅಕ್ಕಾರ ಕೆಲಸ ಹೋತಂತಲ್ರೀ ಕಾಕಾ, ಬೆಂಗಳೂರು ಮೀಟಪ್‌ನ್ಯಾಗ ಯಾರೋ ಒಬ್ರು ತಮ್ಮ ಕಂಪನ್ಯಾಗ ಕೇಳಿ ಹೇಳ್ತೀನಿ ಅಂದಾರಂತ, ಆಕ್ಕೈತಿ ಬಿಡ್ರಿ" ಅಂದ. ಅವನು ನನಗೇ ಧೈರ್ಯ ಹೇಳುತ್ತಿದ್ದ. ನನಗೆ ಎಲ್ಲಾ ಗೊತ್ತು ಅಂತ ತಿಳಿದಿದ್ದ, ಪಾಪ. ನಾನೂ ಗೊತ್ತಿದ್ದವನ ಹಾಗೆ "ಹೂಂನಪಾ" ಅಂದು ಹೊರಗೆ ಬಂದೆ. ಬಂದು ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡಲು ಕೂತೆ. ವರನ ಹೆಸರು ತಪ್ಪಿದ್ದು ಕಣ್ಣಿಗೆ ಬೀಳಲಿಲ್ಲ, ಆಮೇಲೆ ನಮ್ಮ ಆಳು ಹಿಡಿದ.

ಮೊನ್ನೆ ಶುಕ್ರವಾರ ಏನಂದಿ ನೀನು? "ಆಫೀಸು ಚೊಲೋ ನಡದೈತಪ್ಪಾ." ಹೋದ ಕೆಲಸ ಚೊಲೋ ನಡೆಯುವುದು ಹೆಂಗೆ?

ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಕಂಪನಿಗಳು ತಗೊಳ್ಳುತ್ತವೆ, ಬಿಡುತ್ತವೆ, ಅದು ನಿನ್ನ ಕೈಯಾಗಿಂದಲ್ಲ. ಸೀಸದ ಅಚ್ಚಿನ ಮೊಳೆ ಜೋಡಿಸುವ ಕೆಲಸ ಕಲಿತು ಹೊಟ್ಟೆ ಹೊರೆಯುತ್ತಿದ್ದ ನನ್ನ ಕಣ್ಣೆದುರಿಗೇ ಆ ಕೆಲಸ ಮುಗಿದು ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು, ನನಗೆ ಇದು ಹೊಸದಲ್ಲ. ನೀನು ಗುಂಪಿಗೆ ಹೇಳಿ ಮನೆಗೆ ಹೇಳಲಿಲ್ಲವಲ್ಲ, ಸಿಟ್ಟು ಇರುವುದು ಅದಕ್ಕೆ. ನನಗೆ ಹಳೆಯದೊಂದು ನೆನಪಾಗಿ ನಿನ್ನೆಯಿಂದ ನಿದ್ದೆ ಹತ್ತಿಲ್ಲ.

ಬನಶಂಕರಿ ಜಾತ್ರೆಯ ರವಿವಾರ. ನಾನು ಅದನ್ನು ನೋಡಿದ್ದು ನಿನಗೆ ಗೊತ್ತಿಲ್ಲ, ಇಷ್ಟು ದಿನ ಹೇಳಿಯೂ ಇಲ್ಲ.

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಕಡೆ ಜನ ಹರಿದು ಹೋಗುತ್ತದೆ, ನಾಟಕ ಕಂಪನಿಗಳ ಟೆಂಟು ಬೀಳುತ್ತವೆ, ಕಾಲೇಜಿನ ಹುಡುಗೂರು ಊರಲ್ಲಿ ಉಳಿಯುವುದಿಲ್ಲ. ನೀನು ತಾರೀಖು ನೋಡದೆ ಅಂದೇ ಮೀಟಪ್ ಇಟ್ಟಿದ್ದಿ. ನಾಲ್ಕು ಗಂಟೆಗೆ ಖುರ್ಚಿ ಹಚ್ಚಿದಿ, ಪ್ರೊಜೆಕ್ಟರ್ ಹಾಕಿದಿ. ಮೂಲೆ ಅಂಗಡಿಯಿಂದ ಗಿರಮಿಟ್, ಮಿರ್ಚಿ ತರಿಸಿ ಟೇಬಲ್ ಮೇಲೆ ಇಟ್ಟಿ. ನಾನು ಕಟಿಂಗ್ ಮಷೀನ್ ಹತ್ತಿರ ಇದ್ದೆ. ನಡುವಿನ ಗೋಡೆಯ ಕಿಟಕಿ ಗಾಜು ನಿನಗೆ ನೆನಪಿದೆಯಲ್ಲ, ಈ ಕಡೆ ಲೈಟು ಹಾಕದಿದ್ದರೆ ಆ ಕಡೆಯವರಿಗೆ ನಾವು ಕಾಣುವುದಿಲ್ಲ.

ನೀನು ಬಾಗಿಲ ಕಡೆ ನೋಡುತ್ತಿದ್ದಿ, ಮೊಬೈಲು ನೋಡುತ್ತಿದ್ದಿ. ಗಿರಮಿಟ್ಟು ಹತ್ತು ನಿಮಿಷದಲ್ಲಿ ಮೆತ್ತಗಾಗುವ ಪದಾರ್ಥ. ಅದು ಮೆತ್ತಗಾಯಿತು, ಮಿರ್ಚಿ ಆರಿತು, ಯಾರೂ ಬರಲಿಲ್ಲ. ಒಬ್ಬರೂ. ನೀನು ಎದ್ದು ಖುರ್ಚಿಗಳನ್ನು ಸ್ವಲ್ಪ ಆ ಕಡೆ ಈ ಕಡೆ ಸರಿಸಿ ಮತ್ತೆ ಕೂತಿ. ಪ್ರೊಜೆಕ್ಟರ್ ಆರಿಸಲಿಲ್ಲ. ಗೋಡೆಯ ಮೇಲೆ ಮೊದಲನೇ ಸ್ಲೈಡು ಹಾಗೇ ಇತ್ತು.

ನಾನು ಒಳಗೆ ಬರಲಿಲ್ಲ. ಬಂದಿದ್ದರೆ ನೀನು ನಗುತ್ತಿದ್ದಿ, ನಾನೂ ನಗುತ್ತಿದ್ದೆ, ಇಬ್ಬರೂ ಕೂತು ಮಿರ್ಚಿ ತಿನ್ನುತ್ತಿದ್ದೆವು. ಅಪ್ಪನೊಬ್ಬನೇ ಬಂದ ಸಭೆ ಅಂತ ಅದು ನಿನ್ನ ತಲೆಯಲ್ಲಿ ಉಳಿಯುತ್ತಿತ್ತು. ಬರದಿದ್ದದ್ದೇ ಸರಿ ಅಂತ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಆದರೆ ನೋಡುವುದನ್ನು ಬಿಡಲೂ ಆಗಲಿಲ್ಲ. ಕೈಯಲ್ಲಿದ್ದ ಬಿಲ್ ಬುಕ್ಕಿನ ಕಟ್ಟು ಕೈಯಲ್ಲೇ ಇತ್ತು.

ಸಂಜೆ ಮನೆಗೆ ಬಂದಾಗ ನಿಮ್ಮವ್ವ ಕೇಳಿದಳು. ನೀನು ಕೈಕಾಲು ತೊಳೆಯುತ್ತಾ, "ಚೊಲೋ ಆತವ್ವ, ಭಾಳ ಮಂದಿ ಬಂದಿದ್ರು" ಅಂದಿ. ದನಿಯಲ್ಲಿ ಒಂದು ಎಳೆಯೂ ಸಡಿಲ ಇರಲಿಲ್ಲ. ಊಟಕ್ಕೆ ಕೂತಾಗ ಹೆಚ್ಚಿನ ರೊಟ್ಟಿ ಹಾಕಿಸಿಕೊಂಡಿ. ನಾನು ತಲೆ ಎತ್ತಲಿಲ್ಲ. ಅಬ್ಬಾ, ಇಷ್ಟು ಚಂದ ಸುಳ್ಳು ಹೇಳಲು ಇವಳು ಎಲ್ಲಿ ಕಲಿತಳು ಅಂತ ಅವತ್ತು ಬಂದ ಯೋಚನೆ ಇನ್ನೂ ಹೋಗಿಲ್ಲ.

ಆ ರೂಮು ನನ್ನಿಂದ ಗಿಟ್ಟಿಸಿದ್ದೂ ನಿನ್ನ ಮಾತಿನ ಜೋರಿನಿಂದಲೇ. 1975ರ ಮಾರ್ಚ್‌ನಲ್ಲಿ ಅಮೆರಿಕದ ಮೆನ್ಲೋ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಕಂಪ್ಯೂಟರ್ ಹುಚ್ಚಿನ ಮಂದಿ ಕೂಡಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಸುರು ಮಾಡಿದರು, ಆ್ಯಪಲ್ ಕಂಪನಿ ಕಟ್ಟಿದವರಲ್ಲೊಬ್ಬನಾದ ವೋಜ್ನಿಯಾಕ್ ತನ್ನ ಮೊದಲ ಆ್ಯಪಲ್ ತಂದು ತೋರಿಸಿದ್ದು ಆ ಕ್ಲಬ್ಬಿನವರಿಗೇ ಅಂದಿ. "ಅವರಿಗೆ ಗ್ಯಾರೇಜ್ ಇತ್ತು, ನನಗ ನಿನ್ನ ಮಷೀನ್ ರೂಮ್ ಕೊಡು." ಗುಜರಿಗೆ ಹಾಕಲು ಮನಸ್ಸಾಗದ ಹಳೇ ಟ್ರೆಡಲ್ ಅಚ್ಚಿನ ಮಷೀನನ್ನು ಮೂಲೆಗೆ ಸರಿಸಿದೆ. ಕಥೆಗೆ ಮರುಳಾಗಿ ಕೊಟ್ಟೆ ಅಂತ ತಿಳಿಯಬೇಡ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ, ಪ್ರೆಸ್ಸು ಬಿಟ್ಟು ಇಲ್ಲಿಗೆ ಬಂದಾಗ ಅಗಲ ರಸ್ತೆ ಕೊಟ್ಟರು, ಸೆಕ್ಟರಿಗೊಂದು ನಂಬರು ಕೊಟ್ಟರು, ಕೂಡಲು ಒಂದು ಕಟ್ಟೆ ಕೊಡಲಿಲ್ಲ. ಓಣಿಯ ಕಟ್ಟೆಯ ಮೇಲೆ ಕೂತು ಬೆಳೆದವನಿಗೆ ಅದು ತಿಳಿಯುತ್ತದೆ.

ನಿಮ್ಮ ಸಭೆಯೋ, ಅಗದಿ ವಿಚಿತ್ರ. ಅಧ್ಯಕ್ಷತೆ ಇಲ್ಲ, ಹಾರ ಶಾಲು ಇಲ್ಲ, ವಂದನಾರ್ಪಣೆ ಇಲ್ಲ, ಚಂದಾ ಇಲ್ಲ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರೇ ಇಲ್ಲದ ಕಾರ್ಯಕ್ರಮ, ನನ್ನ ಧಂದೆಗೆ ಲುಕ್ಸಾನು. ಬಂದವರು ಲ್ಯಾಪ್‌ಟಾಪ್ ತೆರೆಯುತ್ತಾರೆ, ಯಾರಾದರೂ ಎದ್ದು ತಾನು ಮಾಡಿದ್ದನ್ನು ಐದು ನಿಮಿಷ ತೋರಿಸುತ್ತಾರೆ, ಗಡಿಯಾರ ನೋಡಿ ನೀನು ಕೂಡ್ರಿಸುತ್ತಿ. ನಮ್ಮ ಊರಲ್ಲಿ ಐದು ನಿಮಿಷಕ್ಕೆ ಭಾಷಣ ಮುಗಿದದ್ದು ನಾನು ಅಲ್ಲೇ ಮೊದಲು ನೋಡಿದ್ದು.

ಗಾಜಿನಾಚೆಯಿಂದ ಕಿವಿಗೆ ಬಿದ್ದು ನಾನೂ ಒಂದಿಷ್ಟು ಕಲಿತೆ. ಪೈಥಾನ್ ಅಂದರೆ ಹೆಬ್ಬಾವಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ, ಗೈಡೋ ಅನ್ನುವ ಡಚ್ ಮನುಷ್ಯ ಟೀವಿಯ ಒಂದು ಹಾಸ್ಯ ಕಾರ್ಯಕ್ರಮದ ಹೆಸರನ್ನು ಅದಕ್ಕೆ ಇಟ್ಟ, 1991ರಲ್ಲಿ ಹೊರಗೆ ಬಿಟ್ಟ ಅನ್ನುವುದು ತಿಳಿಯಿತು. ಒಬ್ಬ ಹುಡುಗ ಹಳೇ ಪುಸ್ತಕ ಹಿಡಿದು ಬಂದು, ಪುಸ್ತಕದಲ್ಲಿದ್ದಂತೆಯೇ ಬರೆದರೂ ತಪ್ಪು ತೋರಿಸುತ್ತದೆ ಅಂತ ಅಳುಮುಖ ಮಾಡಿದ್ದ. ನೀನು, ಇದು ಎರಡನೇ ಪೈಥಾನ್, 2020ರ ಜನವರಿ ಒಂದಕ್ಕೇ ಅದರ ದೇಖರೇಖಿ ನಿಂತಿದೆ, ಮೂರರಲ್ಲಿ ಪ್ರಿಂಟ್ ಅನ್ನುವ ಪದದ ಮುಂದೆ ಕಂಸ ಹಾಕಬೇಕು ಅಂದಿ. ಒಂದು ಕಂಸಕ್ಕೆ ಆ ಹುಡುಗ ಎಷ್ಟು ದಿನ ತನ್ನನ್ನೇ ದಡ್ಡ ಅಂದುಕೊಂಡಿದ್ದನೋ.

ಇನ್ನೊಮ್ಮೆ ಸಾಲಿನ ಮುಂದಿನ ಖಾಲಿ ಜಾಗದ ಮಾತು ಬಂತು. ಪೈಥಾನಿಗೆ ಆ ಖಾಲಿ ಜಾಗವೂ ಲೆಕ್ಕ, ನಾಲ್ಕು ಸ್ಪೇಸ್ ಬಿಡುವುದು ರೂಢಿ, ಒಂದು ಸಾಲು ಹಿಂದೆ ಮುಂದೆ ಆದರೆ ಮಷೀನು ತಕರಾರು ತೆಗೆಯುತ್ತದೆ. ತಡೆಯಲಾರದೆ ಬಾಗಿಲಲ್ಲಿ ನಿಂತು ನಾನು ಬಾಯಿ ಬಿಟ್ಟೆ: "ನಾವೂ ಖಾಲಿ ಜಾಗಕ್ಕ ಸೀಸ ತುಂಬತಿದ್ವಿ. ಸ್ಪೇಸು, ಕ್ವಾಡು ಅಂತ ಸೀಸದ ತುಂಡು ಹಾಕಿ ಬಿಗಿ ಮಾಡಲಿಲ್ಲಂದ್ರ ಚೇಸ್ ಅನ್ನೋ ಚೌಕಟ್ಟು ಎತ್ತಿದ ಕೂಡಲೇ ಮೊಳಿ ಎಲ್ಲಾ ನೆಲಕ್ಕ." ಹುಡುಗೂರು ಚಪ್ಪಾಳೆ ಹೊಡೆದರು. ಆಮೇಲೆ ನೀನು 'ಕನ್ನಡ' ಅಂತ ಟೈಪ್ ಮಾಡಿ ಉದ್ದ ಕೇಳಿದರೆ ಮಷೀನು ಐದು ಅಂದಿತು, ಯಾಕಂದರೆ ಅದು ಅಕ್ಷರವನ್ನು ಅರ್ಧ ಮಾಡುವ ಹಲಂತ ಗುರುತನ್ನೂ ಎಣಿಸುತ್ತದೆ. ಸಾಲಿಯ ಮಗು ಮೂರು ಅನ್ನುತ್ತದೆ. ನನ್ನ ಮೊಳೆಯ ಪೆಟ್ಟಿಗೆಯಲ್ಲಿ ಅದಕ್ಕೆ ನಾಲ್ಕು ಮೊಳೆ, ಒತ್ತು ಬೇರೆಯಾಗಿ ಬರುತ್ತಿತ್ತು. ಅದರ ಮೇಲೆ ಅರ್ಧ ತಾಸು ವಾದ ನಡೆಯಿತು, ಚಹಾ ಆರಿಹೋಯಿತು. ನನ್ನ ಧಂದೆಯ ಮಾತನ್ನು ಇಷ್ಟು ಜನ ಬಾಯಿ ತೆರೆದು ಕೇಳಿದ್ದು ಅದೇ ಮೊದಲು. ನಿನಗೆ ಇದನ್ನೂ ಹೇಳಿರಲಿಲ್ಲ.

ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದ ನನ್ನ ಫೈಲುಗಳನ್ನೆಲ್ಲ ಯುನಿಕೋಡಿಗೆ ತಿರುಗಿಸುವ ಪ್ರೋಗ್ರಾಂ ಬರೆದು ಕೊಟ್ಟಿ. ಮೊದಲು ಫಾಂಟು ತಪ್ಪಿದರೆ ಇಂಗ್ಲಿಷ್ ಎ ಅಕ್ಷರಗಳ ತಲೆಯ ಮೇಲೆ ಗೀಟು ಹಾಕಿದ ಸಾಲುಗಳಷ್ಟೇ ಕಾಣುತ್ತಿದ್ದವು. ಈಗ ಎಷ್ಟೋ ಊರಿನ ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆಗಳನ್ನು ಹುಡುಕಿ ತೆಗೆಯಬಹುದು. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತೇನೆ, ಅವರಿಗೆ ಬೇಕೋ ಬೇಡವೋ.

ಹಿಂಗಿದ್ದವಳು ನೀನು. ಮತ್ತೆ ಆ ರವಿವಾರಕ್ಕೇ ಬರುತ್ತೇನೆ, ಬೇಜಾರಾಗಬೇಡ. ಅವತ್ತು ನೀನು ಮನೆಯಲ್ಲಿ ಸುಳ್ಳು ಹೇಳಿದರೂ ನನಗೆ ಗಾಜಿತ್ತು. ಮಾರನೇ ದಿನ ನಿನ್ನ ಮುಖ ನೋಡಿದೆ, ಊಟ ನೋಡಿದೆ, ಮುಂದಿನ ಸಲದ ತಾರೀಖು ಬರೆದು ಬಾಗಿಲಿಗೆ ಅಂಟಿಸಿದ್ದು ನೋಡಿದೆ. ಸರಿ, ಇವಳು ಎದ್ದಳು ಅಂತ ಸಮಾಧಾನ ಆಯಿತು. ಬೆಂಗಳೂರಿನ ಪಿಜಿಯ ಕೋಣೆಗೆ ನಾನು ಎಲ್ಲಿಯ ಗಾಜು ತರಲಿ? ನೀನು ಚೊಲೋ ಅದೀನಿ ಅಂದರೆ ಅದು ಯಾವ ಚೊಲೋ ಅಂತ ಹೆಂಗೆ ತಿಳಿಯಬೇಕು ನಾನು?

ಈಗ ನಾಲ್ಕು ಮಾತು ಹೇಳುತ್ತೇನೆ. ಉಪದೇಶ ಅನ್ನಿಸಿದರೆ ಅನ್ನಿಸಲಿ.

ಕೆಲಸ ಕೊಡಿಸುತ್ತೇವೆ, ಮೊದಲು ಇಷ್ಟು ರೊಕ್ಕ ಕಟ್ಟಿ ಅನ್ನುವವರ ಹತ್ತಿರ ಸುಳಿಯಬೇಡ. ಪಗಾರ ಕೊಡುವವರು ಮೊದಲು ರೊಕ್ಕ ಕೇಳುವುದಿಲ್ಲ. ಬಾಂಡಿಗೆ ಸಹಿ ಹಾಕುವ ಮೊದಲು ನನಗೆ ಫೋಟೋ ತೆಗೆದು ಕಳಿಸು, ಅಚ್ಚಾದ ಸಣ್ಣ ಅಕ್ಷರ ಓದುವುದು ನನ್ನ ಕಸುಬು. ಬಿಟ್ಟ ಕಂಪನಿಯಿಂದ ಬರಬೇಕಾದ ಕಾಗದಗಳನ್ನು, ಅನುಭವ ಪತ್ರ, ಪಿಎಫ್ ನಂಬರು, ಎಲ್ಲಾ ಈಗಲೇ ಇಸಗೋ. ಆಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ಮೀಟಪ್ಪಿಗೆ ಹೋಗುವುದನ್ನು ನಿಲ್ಲಿಸಬೇಡ. ನೀನು ಹೊರಟ ರಾತ್ರಿ ಸ್ಟೇಷನ್ನಿನಲ್ಲಿ "ಅಲ್ಲಿ ಹೋಗಿ ಗುಂಪು ಗಿಂಪು ಕಟಗೊಂಡು ಕೂಡಬ್ಯಾಡ, ಕೆಲಸ ನೋಡು" ಅಂದಿದ್ದೆ, ನೀನು ಗಾಡಿ ಬಿಡುವ ತನಕ ಮಾತಾಡಲಿಲ್ಲ. ಆ ಮಾತು ಬಿಡು ಈಗ. ಬ್ಯಾಂಗ್‌ಪೈಪರ್ಸ್ ಅಂತ ಅಲ್ಲೊಂದು ಪೈಥಾನಿನವರ ದೊಡ್ಡ ಬಳಗ ಇದೆ, ದೇಶದ ಮೊದಲ ಪೈಕಾನ್ ಸಮ್ಮೇಳನ 2009ರಲ್ಲಿ ಆ ಊರಲ್ಲೇ ಆಯಿತು ಅಂತ ನೀನೇ ಹೇಳಿದ್ದಿ. ಅಲ್ಲಿ ಯಾರೋ ಸಹಾಯ ಮಾಡುತ್ತೇನೆ ಅಂದರಲ್ಲ, ಒಳ್ಳೇದಾಗಲಿ ಅವರಿಗೆ. ಆದರೆ ಅಲ್ಲಿ ಸುರುವಿಗೆ ಎಲ್ಲರೂ ಹೆಸರು, ಕಂಪನಿ ಹೇಳಿಕೊಳ್ಳುತ್ತಾರೋ ಏನೋ. ಆಗ ಹಿಂದಿನ ಸಾಲಿನಲ್ಲಿ ಮುದುಡಿ ಕೂಡಬೇಡ. ಕೆಲಸ ಹುಡುಕುತ್ತಿದ್ದೇನೆ ಅಂತ ನೆಟ್ಟಗೆ ಹೇಳು. ಇಲ್ಲಿ ನೀನೇ ಏನು ಮಾಡಿದ್ದಿ? ಮೊದಮೊದಲು ಯಾವ ಕಾಲೇಜು, ಯಾವ ಸೆಮಿಸ್ಟರ್ ಅಂತ ಕೇಳುತ್ತಿದ್ದಿ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ ಆ ಹುಡುಗ ತನ್ನ ಪಾಳಿ ಬಂದಾಗ ತಲೆ ಕೆಳಗೆ ಹಾಕಿದ. ಮುಂದಿನ ಸಲದಿಂದ ನೀನು ಆ ಪ್ರಶ್ನೆಯನ್ನೇ ಬಿಟ್ಟು, "ಎಲ್ಲಿ ಸಿಕ್ಕೊಂಡೀರಿ, ಅದನ್ನ ಹೇಳ್ರಿ" ಅಂತ ಸುರು ಮಾಡಿದಿ. ಈಗ ಅವನೇ ಮಷೀನ್ ರೂಮಿನ ಕೀಲಿ ಇಟ್ಟುಕೊಳ್ಳುವವನು. ಅದನ್ನು ಕೇಳಲು ಗೊತ್ತಿದ್ದವಳಿಗೆ ಹೇಳಲು ಏನು ಧಾಡಿ?

ನನಗಿಂತ ಮೊದಲು ಅವರಿಗೆ ಹೇಳಿದ್ದಕ್ಕೆ ಹೊಟ್ಟೆಕಿಚ್ಚು ಆಗಿದೆ, ಮುಚ್ಚಿಡುವುದಿಲ್ಲ. ಆದರೆ ಯಾರಿಗೂ ಹೇಳದೆ ಒಬ್ಬಳೇ ನುಂಗಿಕೊಂಡು ಕೂತಿದ್ದರೆ ನಾನೇನು ಮಾಡುತ್ತಿದ್ದೆ? ಹೋಗಲಿ.

ನಿನ್ನ ಖಾತೆಗೆ ಸ್ವಲ್ಪ ರೊಕ್ಕ ಹಾಕಿದ್ದೇನೆ, ವಾಪಸ್ ಕಳಿಸುವ ಅಧಿಕಪ್ರಸಂಗ ಮಾಡಬೇಡ. ಪಿಜಿಯ ಡಿಪಾಜಿಟ್ ಮುರಿಸಬೇಡ, ಬೇರೆ ಕೆಲಸ ಸಿಗುವ ತನಕ ಅಲ್ಲೇ ಇರು. ಬರಬೇಕು ಅನ್ನಿಸಿದರೆ ಬಾ, ಯಾರೂ ಏನೂ ಕೇಳುವುದಿಲ್ಲ. ನಿಮ್ಮ ಕಾಕಾ ಕೇಳುತ್ತಾನೆ, ಅವನನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮವ್ವಗೆ ನಾನಿನ್ನೂ ಹೇಳಿಲ್ಲ. ಬರುವ ರವಿವಾರದೊಳಗೆ ನೀನೇ ಫೋನ್ ಮಾಡಿ ಹೇಳು. ಸುತ್ತಿ ಬಳಸಬೇಡ, ಅತ್ತರೆ ಅಳಲಿ, ಆಮೇಲೆ ಅವಳೇ ನಿನಗೆ ಧೈರ್ಯ ಹೇಳುತ್ತಾಳೆ. ನೀನು ಹೇಳದಿದ್ದರೆ ಸೋಮವಾರ ನಾನು ಹೇಳುವವನೇ.

ಇಂತಿ,
ನಿಮ್ಮಪ್ಪ

ತಾ.ಕ.: ಪ್ರೊಜೆಕ್ಟರಿನ ರಿಮೋಟ್ ಎಲ್ಲಿಟ್ಟಿ? ಹುಡುಗೂರು ಸ್ಟೂಲ್ ಹತ್ತಿ ಬಟನ್ ಒತ್ತುತ್ತಿದ್ದಾರೆ, ನಿನ್ನೆ ಒಬ್ಬ ಬೀಳುತ್ತಿದ್ದ. ಈ ಸಲದ ರವಿವಾರ ನಿನ್ನನ್ನು ವಿಡಿಯೋ ಕಾಲ್‌ನಲ್ಲಿ ಕೂಡ್ರಿಸಬೇಕಂತೆ, ಎಷ್ಟು ಗಂಟೆಗೆ ಆಗುತ್ತದೆ ಅಂತ ಅವರಿಗೆ ಹೇಳು. ನನಗೂ ಹೇಳು.