ಮಂಡಿಪೇಟೆಯಲ್ಲಿ ಸಿಕ್ಕ ಆ ತಮ್ಮನಿಗೆ

ಹೋದ ಶನಿವಾರ ದಾವಣಗೆರೆಯ ಮಂಡಿಪೇಟೆಯ ಅಂಗಡಿಯಲ್ಲಿ ಸಿಕ್ಕೆಯಲ್ಲ ತಮ್ಮಾ, ನಿನ್ನ ಹೆಸರು ಕೇಳಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮನ ಕಾರ್ಡ್‌ಲೆಸ್ ಫೋನು ವರ್ಷಗಟ್ಟಲೆ ಬೀರುವಿನಲ್ಲಿತ್ತು. ಮನೆಗೆ ಮತ್ತೆ ಲ್ಯಾಂಡ್‌ಲೈನ್ ಬಂದ ಮೇಲೆ ಹೊರಗೆ ತೆಗೆದೆವು. ನಂಬರುಗಳೆಲ್ಲ ಹಾಗೇ ಇದ್ದವು, ಆದರೆ ಯಾವ ಮೊಬೈಲಿಗೂ ಕರೆ ಹೋಗುತ್ತಿರಲಿಲ್ಲ. ಕೆಟ್ಟಿದೆ ಅಂತಲೇ ರಿಪೇರಿಗೆ ತಂದಿದ್ದೆ. ನೀನು ಕೈಗೆ ಇಸಿದುಕೊಂಡು ನೋಡಿ, "ಅಕ್ಕಾ, ಮುಂದೆ ಸೊನ್ನೆ ಇಲ್ಲ ಅಲ್ವಾ" ಅಂದೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 0 ಹಾಕಲೇಬೇಕು. ಅಮ್ಮನ ನಂಬರುಗಳು ಅದಕ್ಕಿಂತ ಹಳೆಯವು! ನಿಂತ ಜಾಗದಲ್ಲೇ ಒಂದೊಂದಾಗಿ ಹದಿನೇಳು ನಂಬರು ತಿದ್ದಿಕೊಟ್ಟೆ. ನಿನ್ನ ಬ್ಯಾಗು ಅಷ್ಟು ಹೊತ್ತೂ ಹೆಗಲ ಮೇಲೇ ಇತ್ತು.

ಫೋನಿನ ಪಕ್ಕದಲ್ಲಿ ಹೆಡ್‌ಸೆಟ್ ಸಿಕ್ಕಿಸುವ ಸಣ್ಣ ತೂತನ್ನು ತೋರಿಸಿದವನೂ ನೀನೇ. ಅದು 2.5 ಮಿ.ಮೀ., ಮೊಬೈಲಿನ 3.5ರ ಪಿನ್ನು ಹಿಡಿಸುವುದಿಲ್ಲ, ಸುಮ್ನೆ ಒತ್ತಬೇಡಿ ಅಂದೆ. ಸರಿಯಾದ ಹೆಡ್‌ಸೆಟ್ಟನ್ನೂ ಹುಡುಕಿಕೊಟ್ಟೆ.

ಈಗ ಅಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ರೊಟ್ಟಿ ಬಡಿಯುತ್ತಾ ಹುಬ್ಬಳ್ಳಿಯ ಚಿಕ್ಕಮ್ಮನ ಜೊತೆ ಮಾತಾಡುತ್ತಾಳೆ. ನಿನ್ನನ್ನು ಒಂದು ದಿನ ಊಟಕ್ಕೆ ಕರೀಬೇಕಂತೆ. ತುಂಬಾ ಥ್ಯಾಂಕ್ಸ್ ತಮ್ಮಾ.