ಹಾಳೆ ಕಾಪಾಡಿದವರಿಗೆ, ಹೀಟರ್ ಆರಿಸಿದವರಿಗೆ

ಎಲ್ಲರಿಗೂ ನಮಸ್ಕಾರ. ಹೆಚ್ಚು ಜನ ಕೇಳಿರದ ಡಚ್ ಪಿಯಾನೋ ಸಂಗೀತವನ್ನು ನುಡಿಸಿ, ರೆಕಾರ್ಡ್ ಮಾಡಿ, ಪುಕ್ಕಟೆಯಾಗಿ ಹಂಚುವ ಕೆಲಸದ ಮೊದಲ ಕಂತು ಮುಗಿಯಿತು. ಹೊಟ್ಟೆಪಾಡಿಗೆ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟಲ್‌ವೇನ್ ಊರಿಗೆ ಬಂದ ನನಗೆ ಇದು ಕೈಗೂಡಿದ್ದು ಬೇರೆಯವರ ದೆಸೆಯಿಂದ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಆದರೂ ಥ್ಯಾಂಕ್ಸ್ ಹೇಳದೆ ಇರಲಾರೆ.

ಮೊದಲ ನಮಸ್ಕಾರ ಸಂಗೀತ ಬರೆದಿಟ್ಟ ಹಾಳೆಗಳನ್ನು ಕಾಪಾಡಿದವರಿಗೆ. ಡಚ್ ಸಂಗೀತ ರಚನೆಕಾರ ಡಿಕ್ ಕಾಟೆನ್‌ಬರ್ಗ್ 1919ರಲ್ಲಿ ಹುಟ್ಟಿದ ಯಹೂದಿ ಹುಡುಗ. 1944ರಲ್ಲಿ ನಾಜಿಗಳು ಆಶ್ವಿಟ್ಜ್‌ನಲ್ಲಿ ಕೊಂದಾಗ ವಯಸ್ಸು ಬರೀ 24. ಬಹಳ ವರ್ಷ ಅವರದೆಂದು ಗೊತ್ತಿದ್ದದ್ದು ಒಂದು ಕೊಳಲು ಸೊನಾಟಾ (ಹಲವು ಭಾಗಗಳ ವಾದ್ಯಕೃತಿ) ಮಾತ್ರ. ಅದನ್ನು ಕೊಳಲು ನುಡಿಸುತ್ತಿದ್ದ ಗೆಳತಿ ಜೋಪಾನ ಮಾಡಿದ್ದರು. ಉಳಿದ ಹಸ್ತಪ್ರತಿಗಳು ಸೋದರಿಯ ಮನೆಯ ಅಟ್ಟದಲ್ಲಿದ್ದವು. ಅರವತ್ತು ವರ್ಷದ ಮೇಲೆ ಆಕೆಯ ಮಗಳ ಕೈಗೆ ಸಿಕ್ಕವು. ಯಾರಾದರೂ ಹಳೇ ಪೇಪರ್ ಅಂತ ರದ್ದಿಗೆ ಹಾಕಿದ್ದರೆ ನಾವು ಇವತ್ತು ಏನನ್ನು ನುಡಿಸಬೇಕಿತ್ತು?

ಆ ಕಂತೆಯ ‘ಟ್ಯಾಪ್ ಡಾನ್ಸ್’ ನನಗೆ ತುಂಬಾ ಇಷ್ಟ. 1936ರಲ್ಲಿ, ಹದಿಹರೆಯದಲ್ಲಿ ಬರೆದದ್ದು. ಒಂದೇ ಪಿಯಾನೋ ಮುಂದೆ ಇಬ್ಬರು, ಪಕ್ಕದಲ್ಲಿ, ಲೋಹ ಬಡಿದ ಬೂಟಿನಿಂದ ನೆಲದ ಮೇಲೆ ತಾಳ ಹಾಕುವ ಒಬ್ಬ ಟ್ಯಾಪ್ ನರ್ತಕ. ಫ್ಲಾಟಿನಲ್ಲಿ ಇದು ಆಗುವ ಮಾತಲ್ಲ. ಚರ್ಚ್ ಹಾಲ್ ನೋಡಿಕೊಳ್ಳುವ ಹಿರಿಯರು ಬಾಡಿಗೆ ತೆಗೆದುಕೊಳ್ಳದೆ ಕೀಲಿ ಕೊಟ್ಟರು. ಹೀಟರಿನ ಟಿಕ್ ಟಿಕ್ ಮೈಕಿಗೆ ಬೀಳುತ್ತಿದೆ ಅಂದಾಗ ಅದನ್ನೂ ಆರಿಸಿದರು. ಜನವರಿಯ ಚಳಿಯಲ್ಲಿ, ಕೋಟು ಹಾಕಿಕೊಂಡು, ನಮ್ಮ ಜೊತೆಯೇ ಕೂತರು. ನರ್ತಕಿ ಬೆನ್ನ ಮೇಲೆ ತನ್ನದೇ ಮರದ ಹಲಗೆ ಹೊತ್ತು ಸೈಕಲ್‌ನಲ್ಲಿ ಬಂದಿದ್ದರು! ಮೊದಲು ಆಕೆಯ ಕಾಲಿನ ಸದ್ದು ಪಿಯಾನೋವನ್ನೇ ನುಂಗುತ್ತಿತ್ತು. ಹಲಗೆ ಕೆಳಗೆ ದಪ್ಪ ಕಂಬಳಿ ಹಾಸಿ, ಮೈಕ್ ಅಷ್ಟು ದೂರ ಸರಿಸಿದ ಮೇಲೆ ಎರಡೂ ಹದವಾಗಿ ಕೂಡಿದವು.

ಯುದ್ಧಕಾಲದಲ್ಲಿ ಅದುಮಿಟ್ಟ ಇಂಥ ಸಂಗೀತವನ್ನು ಹುಡುಕಿ ತರಲೆಂದೇ ಕೊಳಲು ವಾದಕಿ ಎಲಿಯೊನೋರ್ ಪಾಮೈಯರ್ 1996ರಲ್ಲಿ ಲಿಯೋ ಸ್ಮಿತ್ ಫೌಂಡೇಶನ್ ಕಟ್ಟಿದರು. ಅವರ ಕೆಲಸ ಇಲ್ಲದಿದ್ದರೆ ನನಗೆ ಈ ದಾರಿಯೇ ಕಾಣುತ್ತಿರಲಿಲ್ಲ. ಆ ಫೌಂಡೇಶನ್‌ಗೆ ಹೆಸರಾದ ಲಿಯೋ ಸ್ಮಿತ್ ಕೂಡ ಡಚ್ ಯಹೂದಿ ರಚನೆಕಾರರೇ. ಅವರು ತಮ್ಮ ಕೊಳಲು–ಪಿಯಾನೋ ಸೊನಾಟಾ ಮುಗಿಸಿದ್ದು 1943ರ ಫೆಬ್ರವರಿಯಲ್ಲಿ. ಏಪ್ರಿಲ್ ಕೊನೆಗೆ ನಾಜಿಗಳ ಸೋಬಿಬೋರ್ ಸಾವಿನ ಶಿಬಿರದಲ್ಲಿ ಅವರನ್ನು ಕೊಂದರು. ಆದರೆ ಜನ ಅವರನ್ನು ಬರೀ ಸಾವಿನಿಂದ ನೆನೆಯಬಾರದು ಅನ್ನೋದು ನನ್ನ ಆಸೆ. ಅದಕ್ಕೇ ರೆಮಿಂಗ್ಟನ್ ಟೈಪ್‌ರೈಟರ್‌ಗೆ ನಮನ ಅಂತ ಅವರು ಬರೆದ ತುಂಟ ತುಣುಕು ಆರಿಸಿದೆ. ಟೈಪಿಂಗ್ ಪರೀಕ್ಷೆ ಪಾಸು ಮಾಡಿದ ದಾವಣಗೆರೆಯ ನಮ್ಮ ಸೋದರತ್ತೆ ಕೇಳಿ, ‘ಇದು ನಮ್ಮ ಮಷೀನೇ ಕಣೋ’ ಅಂದರು. ಅತ್ತೆ, ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಡಚ್ ರಚನೆಕಾರ್ತಿ ಹೆನ್ರಿಯೆಟ್ ಬೋಸ್‌ಮನ್ಸ್ ಅವರ ಆರು ಪ್ರಿಲ್ಯೂಡ್‌ಗಳನ್ನು (ಚಿಕ್ಕ ಪಿಯಾನೋ ತುಣುಕುಗಳನ್ನು) ಮಾತ್ರ ಮನೆಯಲ್ಲೇ ರೆಕಾರ್ಡ್ ಮಾಡಿದೆ. ಮೆಲ್ಲಗೆ ನುಡಿಸುವ ಕಡೆ ಕೆಳಮನೆಯ ವಾಷಿಂಗ್ ಮಷೀನ್ ಸದ್ದೂ ಕೇಳುತ್ತಿತ್ತು. ಕೆಳಮನೆಯ ಅಜ್ಜಿ ಬಟ್ಟೆ ಒಗೆಯುವ ದಿನವನ್ನೇ ಬದಲಾಯಿಸಿದರು. ಶ್ರುತಿ ಮಾಡಲು ಬಂದವರು ಒಂದೊಂದು ತಂತಿಗೂ ತಾಳ್ಮೆಯಿಂದ ಕೂತು, ಅರ್ಧ ಕೂಲಿ ಮಾತ್ರ ತೆಗೆದುಕೊಂಡರು. ನನ್ನ ಹೆಂಡತಿ ಪುಟ ತಿರುವಿದಳು. ಎಡವಿದ ಕಡೆ ಮುಲಾಜಿಲ್ಲದೆ ಹೇಳಿದಳು.

ಮತ್ತೆ ನೀವು. ಪಿಯಾನೋ ಗಂಧವಿಲ್ಲ ಅಂತ ಹೇಳುತ್ತಲೇ ಪೂರ್ತಿ ಕೇಳಿದಿರಿ, ಬರೆದಿರಿ, ಮಕ್ಕಳಿಗೂ ಕೇಳಿಸಿದಿರಿ. ಪಿಯಾನೋ ಕಲಿಸುವವರು ಈ ರೆಕಾರ್ಡಿಂಗ್‌ಗಳನ್ನು ಪಾಠಕ್ಕೆ ಧಾರಾಳವಾಗಿ ಬಳಸಿ, ನನ್ನನ್ನು ಕೇಳಬೇಕಿಲ್ಲ.

ಮುಂದಿನದು ಒಂದೇ ಪಿಯಾನೋದಲ್ಲಿ ಇಬ್ಬರು ನುಡಿಸುವ, ಸ್ಮಿತ್ ಅವರ ನಾಲ್ಕು ಕೈಗಳ ‘ಡಿವರ್ಟಿಮೆಂಟೊ’. ‘ಟ್ಯಾಪ್ ಡಾನ್ಸ್’ಗೆ ಪಕ್ಕದಲ್ಲಿ ಕೂತ ಗೆಳೆಯ ಇದಕ್ಕೂ ಹೂಂ ಅಂದಿದ್ದಾನೆ. ಅವನಿಗೆ ಮುಂಚೆಯೇ ಥ್ಯಾಂಕ್ಸ್.