ವಾರಂಟಿಯಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಅತಿಯಾಗಿ ಬಿಸಿಯಾಗುತ್ತಿರುವ ಬಗ್ಗೆ ಅಂತಿಮ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಕಂಪನಿಯ ಗ್ರಾಫಿಕ್ಸ್ ಕಾರ್ಡು ಮಿತಿಮೀರಿ ಬಿಸಿಯಾಗುತ್ತಿದೆ ಎಂದು ಫೋನಿನಲ್ಲಿ, ಇಮೇಲಿನಲ್ಲಿ, ಕೊನೆಗೆ ಸೇವಾ ಕೇಂದ್ರದ ಕೌಂಟರಿನ ಮುಂದೆ ನಿಂತು ಸೌಜನ್ಯದಿಂದಲೇ ಹೇಳಿಕೊಂಡದ್ದಾಯಿತು. ನಿನ್ನೆ ಅದೇ ಕಾರ್ಡು "ದೋಷ ಕಂಡುಬಂದಿಲ್ಲ" ಎಂಬ ಷರಾ ಹೊತ್ತು ಮರಳಿ ಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ವಾರಂಟಿ ಷರತ್ತುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಬರೆದವರು ನೀವೇ ಆದ್ದರಿಂದ ತಯಾರಿಕೆಯ ದೋಷವಿದ್ದಾಗ ಏನು ಮಾಡಬೇಕೆಂದು ಅವುಗಳಲ್ಲಿ ಹೇಳಿದೆ ಎಂಬುದು ನಿಮಗೆ ಗೊತ್ತಿದ್ದೇ ಇರುತ್ತದೆ.

ನಾನು ಈ ಕಂಪ್ಯೂಟರನ್ನು ತ್ರೀಡಿ ರೆಂಡರಿಂಗ್, ಅಂದರೆ ಮೂರು ಆಯಾಮದ ಮಾದರಿಗಳಿಂದ ಚಿತ್ರ ತಯಾರಿಸುವ ಕೆಲಸಕ್ಕೆ ಬಳಸುತ್ತೇನೆ. ರೆಂಡರ್ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜಿಪಿಯು, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನ ತಾಪಮಾನ 76 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಹೊತ್ತಿಗೆ ಹಾಟ್‌ಸ್ಪಾಟ್, ಅಂದರೆ ಚಿಪ್ಪಿನಲ್ಲಿ ಅತಿ ಹೆಚ್ಚು ಕಾದಿರುವ ಜಾಗ, 109 ಡಿಗ್ರಿ ಮುಟ್ಟಿರುತ್ತದೆ. ಫ್ಯಾನುಗಳು ಪೂರ್ತಿ ವೇಗದಲ್ಲಿ ಅರಚಿಕೊಳ್ಳುತ್ತವೆ, ಕ್ಲಾಕ್, ಅಂದರೆ ಚಿಪ್ಪು ಕೆಲಸ ಮಾಡುವ ವೇಗ, 2600 ಮೆಗಾಹರ್ಟ್ಸ್‌ನಿಂದ 1900ಕ್ಕೆ ಕುಸಿಯುತ್ತದೆ, ಕೆಲವೊಮ್ಮೆ ಪರದೆ ಕಪ್ಪಾಗಿ ಯಂತ್ರವೇ ರೀಸ್ಟಾರ್ಟ್ ಆಗುತ್ತದೆ. ಜಿಪಿಯು ತಾಪಮಾನಕ್ಕೂ ಹಾಟ್‌ಸ್ಪಾಟಿಗೂ ನಡುವೆ 10ರಿಂದ 20 ಡಿಗ್ರಿ ಅಂತರವಿರುವುದು ಸಾಮಾನ್ಯ. ಅಂತರ 33 ಡಿಗ್ರಿ ಇದೆಯೆಂದರೆ ಶಾಖ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸಮನಾಗಿ ಕೂತಿಲ್ಲವೆಂದೋ ಶಾಖ ದಾಟಿಸಲು ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಅಂಚಿಗೆ ಸರಿದು ಮಧ್ಯೆ ಬರಿದಾಗಿದೆಯೆಂದೋ ಮೊದಲು ಅನುಮಾನಿಸಬೇಕು. ಇದನ್ನು ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಕಂಪನಿಗೆ ನಾನು ವಿವರಿಸಬೇಕಾಗಿ ಬಂದಿರುವುದಕ್ಕೆ ವಿಷಾದಿಸುತ್ತೇನೆ.

ಸಹಾಯವಾಣಿಯವರು ಪ್ರತಿ ಸಲವೂ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡುತ್ತಿಲ್ಲ ಎಂಬ ಒಂದೇ ರಾಗ ಹಾಡಿದರು. ದೂಳು ತೆಗೆದು, ಕಾರ್ಡಿನ ಡ್ರೈವರ್ ತಂತ್ರಾಂಶವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ, ಕಾರ್ಡು ಜೋತುಬೀಳದಂತೆ ಕೆಳಗೆ ಆಧಾರ ಕೊಟ್ಟು ನೋಡಿದ ಮೇಲೆ ಪಕ್ಕದ ಪ್ಯಾನೆಲನ್ನೂ ತೆಗೆದಿಟ್ಟು ಅದೇ ರೆಂಡರ್ ಓಡಿಸಿದೆ. ಜಿಪಿಯು ತಾಪಮಾನ 5 ಡಿಗ್ರಿ ಇಳಿಯಿತು. ಹಾಟ್‌ಸ್ಪಾಟ್ ಇಳಿದದ್ದು 1 ಡಿಗ್ರಿ. ಗಾಳಿಯ ಕೊರತೆಯೇ ಕಾರಣವಾಗಿದ್ದರೆ ಎರಡೂ ಹೆಚ್ಚುಕಡಿಮೆ ಜೊತೆಯಾಗಿ ಇಳಿಯಬೇಕಿತ್ತು. ಸ್ನೇಹಿತರೊಬ್ಬರ ಕಂಪ್ಯೂಟರಿಗೆ ಈ ಕಾರ್ಡನ್ನು ಹಾಕಿದರೆ ಅಲ್ಲಿಯೂ ಇದೇ ಕಥೆ, ಅವರ ಕಾರ್ಡು ನನ್ನ ಕ್ಯಾಬಿನೆಟ್ಟಿನಲ್ಲಿ ತಣ್ಣಗೆ ಕೆಲಸ ಮಾಡಿತು. ಪವರ್ ಲಿಮಿಟ್ಟನ್ನು, ಅಂದರೆ ಕಾರ್ಡು ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು, ಶೇಕಡಾ 70ಕ್ಕೆ ಇಳಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದೂ ನಿಮ್ಮವರು ಸಲಹೆ ಕೊಟ್ಟರು. ಹಾಟ್‌ಸ್ಪಾಟ್ ಇಳಿಯಿತು, ನಿಜ, ಜೊತೆಗೆ ಕಾರ್ಡಿನ ವೇಗವೂ. ಆದರೆ ಕಾರ್ಡು ಕೊಳ್ಳುವಾಗ ನಾನು ಬೆಲೆಯ ಶೇಕಡಾ 70ರಷ್ಟನ್ನು ಮಾತ್ರ ಕೊಟ್ಟಿರಲಿಲ್ಲ.

ಇನ್ನು ನಿನ್ನೆ ನಿಮ್ಮ ಸೇವಾ ಕೇಂದ್ರದಲ್ಲಿ ನಡೆದದ್ದನ್ನು ಯಥಾವತ್ತಾಗಿ ದಾಖಲಿಸುತ್ತೇನೆ. ಕೌಂಟರಿನಲ್ಲಿದ್ದ ನೌಕರರು ಕಾರ್ಡನ್ನು ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಖಾಲಿ ಡೆಸ್ಕ್‌ಟಾಪ್ ತೆರೆದು, "ನೋಡಿ ಸರ್, 44 ಡಿಗ್ರಿ, ಕೂಲ್ ಆಗಿದೆ" ಎಂದರು. ಲೋಡ್, ಅಂದರೆ ಭಾರಿ ಕೆಲಸ ಕೊಟ್ಟು ನೋಡಿ ಎಂದು ಕೇಳಿಕೊಂಡೆ. ಓಡುವಾಗ ಮುಗ್ಗರಿಸುವ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಿ ಪರೀಕ್ಷಿಸಿದಂತಾಯಿತಲ್ಲ ಎಂಬ ಮಾತನ್ನು ನುಂಗಿಕೊಂಡೆ. ಅವರು ಲೋಡ್ ಕೊಡಲಿಲ್ಲ. ಬದಲಿಗೆ ಬಗ್ಗಿ ನೋಡಿ, "ಅಯ್ಯೋ, ಫ್ಯಾನೇ ತಿರುಗ್ತಿಲ್ಲ ಸರ್, ಇದೇ ಪ್ರಾಬ್ಲಮ್ಮು" ಎಂದು ಉದ್ಗರಿಸಿದರು. ಕೆಲಸವಿಲ್ಲದಾಗ ಫ್ಯಾನುಗಳು ನಿಂತೇ ಇರುತ್ತವೆಂದು ನಿಮ್ಮದೇ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಅದನ್ನು ಓದಿ ತೋರಿಸಬೇಕಾದವನು ನಾನಾದೆ. ಆಗ ಒಳಗಿನಿಂದ ಹಿರಿಯರೊಬ್ಬರನ್ನು ಕರೆಸಲಾಯಿತು. ಅವರು ನನ್ನ ಕಡೆ ನೋಡದೆ, ನನ್ನ ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಯೂಟ್ಯೂಬ್ ನೋಡ್ಕೊಂಡು ಬರ್ತಾರೆ, ಹಾಟ್‌ಸ್ಪಾಟು ಅದೂ ಇದೂ ಅಂತಾರೆ. ಗೇಮ್ ಸ್ವಲ್ಪ ಕಮ್ಮಿ ಆಡಿ ಸರ್" ಎಂದರು. ಸಾಲಿನಲ್ಲಿ ಯಾರೋ ನಕ್ಕರು. ನಾನು ಗೇಮ್ ಆಡುವವನಲ್ಲ. ಆಡುವವನಾಗಿದ್ದರೂ ಆಡುವುದಕ್ಕೆಂದೇ ಮಾರುವ ವಸ್ತುವನ್ನು ಕಡಿಮೆ ಆಡಿ ಎಂದು ಮಾರಿದವರೇ ಹೇಳುವುದು ಯಾವ ನ್ಯಾಯವೋ ತಿಳಿಯದು.

ಅಷ್ಟಕ್ಕೇ ಮುಗಿಯಲಿಲ್ಲ. ನನಗೆ ಕೊಟ್ಟ ಜಾಬ್‌ಶೀಟಿನಲ್ಲಿ "ಥರ್ಮಲ್ ಪೇಸ್ಟ್ ಬದಲಿಸಲಾಗಿದೆ" ಎಂದೂ ಬರೆದಿತ್ತು. ದೋಷವೇ ಇಲ್ಲದ ಕಾರ್ಡಿಗೆ ಪೇಸ್ಟ್ ಬದಲಿಸಿದ ಔದಾರ್ಯಕ್ಕೆ ಕೃತಜ್ಞ. ಆದರೆ ಚಿಪ್ಪಿನ ಹಿಂಬದಿಯ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಬಿಚ್ಚದೆ ಹೀಟ್‌ಸಿಂಕ್ ಕಳಚಿಬರುವುದಿಲ್ಲ, ಅವುಗಳಲ್ಲೊಂದರ ತಲೆಯ ಮೇಲೆ ನಿಮ್ಮ ಕಾರ್ಖಾನೆಯ ವಾರಂಟಿ ಸ್ಟಿಕ್ಕರ್ ಇದೆ, ಆ ಸ್ಟಿಕ್ಕರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹಾಗಾದರೆ ಪೇಸ್ಟ್ ಹಚ್ಚಿದ್ದು ಹೇಗೆ ಎಂದು ಕೇಳಿದ್ದಕ್ಕೆ ಆ ಹಿರಿಯರು ಒಂದಿಷ್ಟೂ ಅಳುಕದೆ, "ಅದನ್ನ ಒಳಗಡೆಯಿಂದ ಮಾಡ್ತಾರೆ ಸರ್" ಎಂದರು.

ಎಎಂಡಿ ಕಂಪನಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು 110 ಡಿಗ್ರಿ ಹಾಟ್‌ಸ್ಪಾಟ್ ತಲುಪಿ ವೇಗ ಕಳೆದುಕೊಳ್ಳುತ್ತಿವೆ ಎಂದು ಬಳಕೆದಾರರು ದೂರಿದಾಗ, ಕೂಲರಿನ ವೇಪರ್ ಚೇಂಬರಿನಲ್ಲಿ (ಒಳಗಿನ ನೀರು ಆವಿಯಾಗುತ್ತ ಶಾಖವನ್ನು ಹರಡುವ ಲೋಹದ ಚಪ್ಪಟೆ ಕೋಶ) ಸಾಕಷ್ಟು ನೀರಿಲ್ಲದಿರುವುದೇ ಕಾರಣವೆಂದು ಆ ಕಂಪನಿ 2023ರ ಜನವರಿಯಲ್ಲಿ ಒಪ್ಪಿಕೊಂಡು ಬದಲಿ ಕೊಡಲು ಮುಂದಾಯಿತು. ತಪ್ಪೊಪ್ಪಿಕೊಂಡರೆ ಕಂಪನಿ ಮುಳುಗುವುದಿಲ್ಲ ಎಂಬುದಕ್ಕೆ ಇದನ್ನು ಉಲ್ಲೇಖಿಸಿದೆ.

ಏಳು ದಿನಗಳೊಳಗೆ ಹೊಸ ಕಾರ್ಡನ್ನಾದರೂ ಪೂರ್ತಿ ಹಣವನ್ನಾದರೂ ಕೊಡಬೇಕು. ನಿಜ ಹೇಳಬೇಕೆಂದರೆ, ನಿಮ್ಮಿಂದ ಎರಡರಲ್ಲಿ ಒಂದಾದರೂ ಬರುತ್ತದೆ ಎಂಬ ನಂಬಿಕೆ ನನಗೀಗ ಉಳಿದಿಲ್ಲ. ಹಾಗಾಗಿ ಸೆಕೆಂಡಿಗೊಂದರಂತೆ ದಾಖಲಾದ ತಾಪಮಾನದ ಲಾಗ್ ಫೈಲುಗಳನ್ನೂ, ಜಾಬ್‌ಶೀಟನ್ನೂ, ಹರಿಯದ ಸ್ಟಿಕ್ಕರಿನ ಚಿತ್ರವನ್ನೂ ಜೋಡಿಸಿಟ್ಟಿದ್ದೇನೆ. ಗಡುವು ಮೀರಿದ ಮರುದಿನ ಇವೆಲ್ಲ ನಿಮ್ಮ ಕಾರ್ಡು ಕೊಳ್ಳಲು ಯೋಚಿಸುತ್ತಿರುವವರ ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ಪ್ರಕಟವಾಗುತ್ತವೆ, ಮೂಲ ಪ್ರತಿಗಳು ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಸ್ಕ್ರೂ ಬಿಚ್ಚದೆ ಪೇಸ್ಟ್ ಹಚ್ಚುವ ವಿಧಾನವನ್ನು ನಿಮ್ಮ ಆ ಹಿರಿಯ ತಂತ್ರಜ್ಞರು ಅಲ್ಲಿ ಪ್ರಮಾಣ ಮಾಡಿ ವಿವರಿಸಲಿ. ನಾನು ಮುಂದಿನ ಸಾಲಿನಲ್ಲೇ ಕುಳಿತು ಕೇಳುತ್ತೇನೆ.

ಇಂತಿ,
ನಿಮ್ಮ ವಾರಂಟಿ ಕಾರ್ಡಿನಲ್ಲಿ ಹೆಸರಿರುವ ಗ್ರಾಹಕ